ಫೆರಾಂಟಿ: ಮೀಟರ್ ಮಾಡಿ ಬದುಕಿದ ಕಂಪನಿ

ನಮ್ಮಲ್ಲಿ ಎಲೆಕ್ಟ್ರಿಕಲ್ ಇಂಜಿನಿಯರಿಂಗ್ ಓದಿದ ಯಾರ ಮುಂದಾದರೂ ‘ಫೆರಾಂಟಿ’ ಅಂದು ನೋಡಿ. ತಕ್ಷಣ ‘ಎಫೆಕ್ಟ್’ ಅಂತ ಸೇರಿಸುತ್ತಾರೆ. ಟ್ರಾನ್ಸ್‌ಮಿಷನ್ ಪಾಠದಲ್ಲಿ ಬರುವ, ಪರೀಕ್ಷೆಗೆ ಖಂಡಿತ ಬರುತ್ತೆ ಅಂತ ಸೀನಿಯರ್‌ಗಳು ಗುರುತು ಹಾಕಿಕೊಡುವ ಪ್ರಶ್ನೆ ಅದು. ವೋಲ್ಟೇಜ್, ಕರೆಂಟುಗಳನ್ನು ಬಾಣಗಳಾಗಿ ತೋರಿಸುವ ಫೇಸರ್ ಚಿತ್ರ ಬರೆದು, ನಾಲ್ಕು ಸಾಲು ವಿವರಿಸಿ, ಮುಂದಿನ ಪ್ರಶ್ನೆಗೆ ಹೋಗುತ್ತೇವೆ. ಈ ಫೆರಾಂಟಿ ಯಾರು, ಯಾವ ಊರಿನವನು ಅಂತ ನಮ್ಮ ಕ್ಲಾಸಿನಲ್ಲಿ ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ.

ಹಳೇ ರೇಡಿಯೊಗಳ ಹುಚ್ಚು ಹಿಡಿದ ಮೇಲೆ ಈ ಹೆಸರು ಮತ್ತೆ ಸಿಕ್ಕಿತು. 1930ರ ದಶಕದ ಒಂದು ಇಂಗ್ಲಿಷ್ ಬೇಕಲೈಟ್ (ಹಳೇ ಕಾಲದ ಗಟ್ಟಿ ಪ್ಲಾಸ್ಟಿಕ್) ರೇಡಿಯೊದ ಫೋಟೊ. ಅದರ ಮೇಲೆ ‘ಫೆರಾಂಟಿ’ ಅಂತ ಬರೆದಿತ್ತು. ನಮ್ಮ ಕಡೆ ಮರ್ಫಿ ಗೊತ್ತು, ಬುಷ್ ಗೊತ್ತು, ಫಿಲಿಪ್ಸ್ ಅಂತೂ ಮನೆಮಾತು. ಫೆರಾಂಟಿ ರೇಡಿಯೊ ಅನ್ನೋದನ್ನು ನಾನು ಕೇಳಿಯೇ ಇರಲಿಲ್ಲ. ಹೈವೋಲ್ಟೇಜ್ ಲೈನಿನ ಫೆರಾಂಟಿಗೂ ಬೈಠಕ್‌ಖಾನೆಯ ರೇಡಿಯೊಗೂ ಏನು ಸಂಬಂಧ ಅಂತ ಹುಡುಕುತ್ತಾ ಹೋದೆ. ಎರಡೂ ಒಂದೇ ಕಂಪನಿ. ಅಷ್ಟೇ ಅಲ್ಲ, ಎರಡರ ಒಳಗಿನ ವಿದ್ಯೆಯೂ ಒಂದೇ.

ಸೆಬಾಸ್ಟಿಯನ್ ಜಿಯಾನಿ ಡಿ ಫೆರಾಂಟಿ ಹುಟ್ಟಿದ್ದು 1864ರಲ್ಲಿ, ಇಂಗ್ಲೆಂಡಿನ ಲಿವರ್‌ಪೂಲ್‌ನಲ್ಲಿ. ಹೆಸರು ಇಟಲಿಯದು. ಅಜ್ಜ ಇಟಲಿಯಿಂದ ಬಂದ ಹೆಸರಾಂತ ಗಿಟಾರ್ ವಾದಕ, ಅಪ್ಪ ಫೋಟೊ ಸ್ಟುಡಿಯೊ ಇಟ್ಟವರು, ಅಮ್ಮ ಪಿಯಾನೊ ಕಛೇರಿ ಕೊಡುತ್ತಿದ್ದವರು. ಇಂಥ ಮನೆಯ ಹುಡುಗ ಯಂತ್ರದ ಹಿಂದೆ ಬಿದ್ದ. ಹದಿನೇಳರ ಹೊತ್ತಿಗೆ ಲಂಡನ್ ಹತ್ತಿರದ ಸೀಮೆನ್ಸ್ ಬ್ರದರ್ಸ್ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. 1882ರಲ್ಲಿ, ಇನ್ನೂ ಹದಿನೆಂಟು ವಯಸ್ಸು, ಹೊಸ ಬಗೆಯ ಆಲ್ಟರ್ನೇಟರ್ (ಎಸಿ ಕರೆಂಟಿನ ಜನರೇಟರ್) ಮಾಡಿ ಇಬ್ಬರು ಪಾಲುದಾರರ ಜೊತೆ ಕಂಪನಿಯನ್ನೇ ತೆರೆದುಬಿಟ್ಟ. ಒಬ್ಬರು ಇಂಜಿನಿಯರ್ ಥಾಂಪ್ಸನ್, ಇನ್ನೊಬ್ಬರು ಫ್ರಾನ್ಸಿಸ್ ಇನ್ಸ್ ಎಂಬ ವಕೀಲರು.

ಅಲ್ಲೊಂದು ತಮಾಷೆ ಆಯಿತು. ಆ ಆಲ್ಟರ್ನೇಟರ್‌ನ ಆರ್ಮೇಚರ್‌ನಲ್ಲಿದ್ದ, ಅಂದರೆ ಕರೆಂಟು ಹುಟ್ಟುವ ಸುರುಳಿಯ ಭಾಗದಲ್ಲಿದ್ದ, ಅಂಕುಡೊಂಕು ಸುತ್ತಿನ ಉಪಾಯ ವಿಲಿಯಂ ಥಾಮ್ಸನ್ ಅವರಿಗೆ, ಅಂದರೆ ಮುಂದೆ ಲಾರ್ಡ್ ಕೆಲ್ವಿನ್ ಆದವರಿಗೆ, ಮೊದಲೇ ಹೊಳೆದಿತ್ತು. ಹುಡುಗನ ಕಂಪನಿ ದೊಡ್ಡವರಿಗೆ ರಾಯಲ್ಟಿ ಕೊಡಬೇಕಾಯಿತು. ಆದರೆ ಕೆಲ್ವಿನ್ ಹೆಸರಿನ ಪಕ್ಕ ತನ್ನ ಹೆಸರೂ ಸೇರಿ ಯಂತ್ರ ಮಾರಾಟವಾಗುವುದು ನಷ್ಟದ ವಿಷಯವೇನಲ್ಲ ಬಿಡಿ. ಆ ಮೊದಲ ಕಂಪನಿ ಬೇಗನೇ ಮುಚ್ಚಿತು. ವಕೀಲ ಇನ್ಸ್ ಮಾತ್ರ ಹುಡುಗನ ಕೈ ಬಿಡಲಿಲ್ಲ. ಹಣ ಹಾಕಿದರು, ಮುಂದೆ ಮಗಳು ಗರ್ಟ್ರೂಡ್‌ಳನ್ನೂ ಕೊಟ್ಟರು.

ಇನ್ನು ಲಂಡನ್ನಿನ ಕರೆಂಟಿನ ಕಥೆ. ಬಾಂಡ್ ಸ್ಟ್ರೀಟಿನಲ್ಲಿ ಗ್ರೋವ್‌ನರ್ ಗ್ಯಾಲರಿ ಅಂತ ಒಂದು ಚಿತ್ರಶಾಲೆ. ಅದರ ಯಜಮಾನ ಸರ್ ಕೂಟ್ಸ್ ಲಿಂಡ್ಸೆ ತನ್ನ ಗ್ಯಾಲರಿಗೆ ದೀಪ ಬೇಕು ಅಂತ ಜನರೇಟರ್ ಹಾಕಿಸಿದರು. ಅಕ್ಕಪಕ್ಕದ ಶ್ರೀಮಂತರು ನಮಗೂ ಕೊಡಿ ಅಂದರು. ಹೀಗೆ ಚಿತ್ರಶಾಲೆಯ ದೀಪದ ಏರ್ಪಾಡು ವಿದ್ಯುತ್ ಕಂಪನಿಯೇ ಆಗಿಬಿಟ್ಟಿತು. ಆದರೆ ಅಲ್ಲಿದ್ದ ಟ್ರಾನ್ಸ್‌ಫಾರ್ಮರ್‌ಗಳೆಲ್ಲ ಸೀರೀಸ್‌ನಲ್ಲಿದ್ದವು, ಒಂದರ ಹಿಂದೊಂದು ಸರಪಳಿಯ ಹಾಗೆ. ಒಬ್ಬರು ದೀಪ ಆರಿಸಿದರೆ ಇನ್ನೊಬ್ಬರ ಮನೆಯ ದೀಪ ಹೆಚ್ಚುಕಡಿಮೆ ಆಗುತ್ತಿತ್ತು. 1886ರಲ್ಲಿ ಇದನ್ನು ಸರಿ ಮಾಡಲು ಕರೆಸಿದ್ದು ಫೆರಾಂಟಿಯನ್ನು. ಅವನಿಗಾಗ ಇಪ್ಪತ್ತೊಂದು. ಇದ್ದದ್ದನ್ನೆಲ್ಲ ಕಿತ್ತುಹಾಕಿ, ಟ್ರಾನ್ಸ್‌ಫಾರ್ಮರ್‌ಗಳನ್ನು ಪ್ಯಾರಲಲ್‌ನಲ್ಲಿ, ಅಂದರೆ ಒಂದೊಂದನ್ನೂ ನೇರವಾಗಿ ಲೈನಿಗೆ ಜೋಡಿಸಿ, 2,400 ವೋಲ್ಟಿನಲ್ಲಿ ಕರೆಂಟು ಹಂಚಿದ. ಬುಡಾಪೆಸ್ಟಿನ ಗಾಂಜ್ ಕಂಪನಿಯವರು ಇದೇ ದಾರಿಯನ್ನು ಅದರ ಹಿಂದಿನ ವರ್ಷವೇ ಹಿಡಿದಿದ್ದರು ಅನ್ನೋದನ್ನು ಮರೆಯಬಾರದು. ಇಂಗ್ಲಿಷರ ಬರಹಗಳು ಅದನ್ನು ಆಗಾಗ ಮರೆಯುತ್ತವೆ.

ಗಿರಾಕಿಗಳು ಹೆಚ್ಚಿದರು. ಜನರೇಟರ್‌ಗಳ ಸದ್ದು, ಹೊಗೆ ಬಾಂಡ್ ಸ್ಟ್ರೀಟಿನಂಥ ಜಾಗಕ್ಕೆ ಒಗ್ಗಲಿಲ್ಲ. ಆಗ ಫೆರಾಂಟಿ ಹಾಕಿದ ಲೆಕ್ಕ ಇವತ್ತಿಗೆ ಸಾಧಾರಣ ಅನ್ನಿಸುತ್ತದೆ, ಅವತ್ತಿಗೆ ಹುಚ್ಚುತನ. ಪವರ್ ಸ್ಟೇಷನ್ ಊರೊಳಗೆ ಯಾಕಿರಬೇಕು? ಥೇಮ್ಸ್ ನದಿಯ ದಡದಲ್ಲಿ, ಡೆಪ್ಟ್‌ಫರ್ಡ್‌ನಲ್ಲಿ ಇರಲಿ. ಕಲ್ಲಿದ್ದಲು ಹಡಗಿನಲ್ಲೇ ಬರುತ್ತದೆ, ತಣ್ಣಗಾಗಿಸಲು ನೀರು ಪಕ್ಕದಲ್ಲೇ ಇದೆ, ಜಾಗ ಅಗ್ಗ. ಅಲ್ಲಿ ಒಂದೇ ದೊಡ್ಡ ಸ್ಟೇಷನ್ ಕಟ್ಟಿ, 10,000 ವೋಲ್ಟಿನಲ್ಲಿ ಊರೊಳಕ್ಕೆ ಕರೆಂಟು ಕಳಿಸೋಣ ಅಂದ. ಎಡಿಸನ್ ಪಂಥದವರು ಆಗ ನೂರು ಚಿಲ್ಲರೆ ವೋಲ್ಟಿನ ಡಿಸಿ ಕರೆಂಟನ್ನು ಬೀದಿಗೊಂದು ಸ್ಟೇಷನ್ನಿನಿಂದ ಹಂಚುತ್ತಿದ್ದ ಕಾಲ. 1887ರಲ್ಲಿ ಹತ್ತು ಲಕ್ಷ ಪೌಂಡ್ ಬಂಡವಾಳದ ಲಂಡನ್ ಎಲೆಕ್ಟ್ರಿಕ್ ಸಪ್ಲೈ ಕಾರ್ಪೊರೇಷನ್ ಹುಟ್ಟಿತು. ಇಪ್ಪತ್ತಮೂರರ ಹುಡುಗನ ಮೇಲೆ ಅಷ್ಟು ದುಡ್ಡು ಸುರಿದವರ ಧೈರ್ಯವೂ ಕಡಿಮೆಯದಲ್ಲ.

ಕಟ್ಟಡ, ಬಾಯ್ಲರ್, ಯಂತ್ರ ಎಲ್ಲವನ್ನೂ ಅವನೇ ಡಿಸೈನ್ ಮಾಡಿದ. ಆದರೆ ನನಗೆ ತುಂಬಾ ಹಿಡಿಸಿದ್ದು ಕೇಬಲ್. ಆಗಿನ ರಬ್ಬರ್ ಕೇಬಲ್‌ಗಳನ್ನು 10,000 ವೋಲ್ಟಿಗೆ ನಂಬುವಂತಿರಲಿಲ್ಲ. ಸರಿ, ತಾನೇ ಮಾಡಿದ. ಒಳಗೊಂದು ತಾಮ್ರದ ಕೊಳವೆ. ಅದರ ಸುತ್ತ ಮೇಣದಲ್ಲಿ ನೆನೆಸಿದ ಕಂದು ಕಾಗದದ ಪದರ. ಅದರ ಹೊರಗೆ ಇನ್ನೊಂದು ತಾಮ್ರದ ಕೊಳವೆ. ಇಪ್ಪತ್ತು ಅಡಿಯ ತುಂಡುಗಳು. ಒಂದರ ತುದಿಯನ್ನು ಪೆನ್ಸಿಲ್ ಮೊನೆಯ ಹಾಗೆ ಚೂಪು ಮಾಡಿ, ಇನ್ನೊಂದರ ತುದಿಯನ್ನು ಅದಕ್ಕೆ ಸರಿಯಾಗಿ ಕೊರೆದು, ಒತ್ತಿ ಸೇರಿಸುವುದು. ಒಟ್ಟು ಸುಮಾರು 28 ಮೈಲಿ ಕೇಬಲ್, 7,000ಕ್ಕೂ ಹೆಚ್ಚು ಜಾಯಿಂಟ್. ಕೇಬಲ್ ಜಾಯಿಂಟ್ ಮಾಡಿಸಿದ ಅನುಭವ ಇದ್ದವರಿಗೆ ಈ ಸಂಖ್ಯೆ ಕೇಳಿದರೇ ಎದೆ ಝಲ್ ಅನ್ನುತ್ತದೆ. ಬೀದಿ ಅಗೆಯಲು ಪಾಲಿಕೆಗಳ ಅನುಮತಿ ಸಿಗುವುದು ಕಷ್ಟ ಅಂತ ಅದನ್ನು ರೈಲು ಹಳಿಗಳ ಪಕ್ಕದಲ್ಲೇ ಊರೊಳಗೆ ತಂದ. ಆ ಕೇಬಲ್‌ನ ಭಾಗಗಳು 40 ವರ್ಷಕ್ಕೂ ಹೆಚ್ಚು ಕಾಲ ಕೆಲಸ ಮಾಡಿದವು. ಕಂದು ಕಾಗದ ಮತ್ತು ಮೇಣ!

10,000 ವೋಲ್ಟ್ ಅಂದರೆ ಸರ್ಕಾರಿ ಅಧಿಕಾರಿಗಳಿಗೂ ಭಯ. ಗುದ್ದಲಿ ತಾಗಿದರೆ ಅಗೆಯುವವನ ಗತಿ ಏನು? ಅದಕ್ಕೆ ಒಂದು ಪ್ರಯೋಗ ಮಾಡಿ ತೋರಿಸಿದರು. ಕೇಬಲ್‌ನಲ್ಲಿ ಪೂರ್ತಿ ಕರೆಂಟು ಇರುವಾಗಲೇ ಅವನ ಸಹಾಯಕನೊಬ್ಬ ಬರಿಗೈಲಿ ಉಕ್ಕಿನ ಉಳಿ ಹಿಡಿದು ನಿಂತ. ಇನ್ನೊಬ್ಬ ಸುತ್ತಿಗೆಯಿಂದ ಹೊಡೆದು ಆ ಉಳಿಯನ್ನು ಕೇಬಲ್ಲಿನೊಳಕ್ಕೆ ಇಳಿಸಿದ. ಫ್ಯೂಸ್ ಹೋಯಿತು, ಉಳಿ ಹಿಡಿದವನಿಗೆ ಏನೂ ಆಗಲಿಲ್ಲ. ಹೊರಗಿನ ಕೊಳವೆಯನ್ನು ಅರ್ತ್ ಮಾಡಿದ್ದೇ ಗುಟ್ಟು. ಒಳಗಿನದನ್ನು ಮುಟ್ಟುವ ಮೊದಲು ಉಳಿ ಹೊರಗಿನ ಕೊಳವೆಯನ್ನು ಮುಟ್ಟಿರಲೇಬೇಕು. ಲೆಕ್ಕ ಸರಿಯೇ. ಆದರೂ ಉಳಿ ಹಿಡಿಯಲು ಒಪ್ಪಿದವನ ಬಗ್ಗೆ ಬಾಸ್ ಬಗ್ಗೆಗಿಂತ ಜಾಸ್ತಿ ಗೌರವ ನನಗೆ.

ಈಗ ಪರೀಕ್ಷೆಯ ಪ್ರಶ್ನೆಗೆ ಬರೋಣ. ಈ ಕೇಬಲ್ ಜೋಡಿಸಿದ ಮೇಲೆ ಒಂದು ವಿಚಿತ್ರ ಕಂಡಿತು. ಕೇಬಲ್‌ಗೆ ಲೋಡೇ ಇಲ್ಲದಾಗ ವೋಲ್ಟೇಜ್ ಲೆಕ್ಕಕ್ಕಿಂತ ಹೆಚ್ಚು ಬರುತ್ತಿತ್ತು. ಹೆಚ್ಚು ಕೇಬಲ್ ಸೇರಿಸಿದರೆ ಇಳಿಯಬೇಕು ತಾನೆ? ಏರುತ್ತಿತ್ತು. ಇದೇ ‘ಫೆರಾಂಟಿ ಎಫೆಕ್ಟ್’. ಕಾರಣ ಆ ಕೇಬಲ್ಲಿನ ರಚನೆಯಲ್ಲೇ ಇತ್ತು. ಎರಡು ಕೊಳವೆ, ನಡುವೆ ಕಾಗದ: ಇದು ಮೈಲಿಗಟ್ಟಲೆ ಉದ್ದದ ಕೆಪಾಸಿಟರ್, ಅಂದರೆ ಚಾರ್ಜ್ ಹಿಡಿದಿಡುವ ಸಾಧನ. ಲೋಡ್ ಇಲ್ಲದಿದ್ದರೂ ಅದು ಚಾರ್ಜಿಂಗ್ ಕರೆಂಟು ಎಳೆಯುತ್ತದೆ, ಮತ್ತು ಆ ಕರೆಂಟು ವೋಲ್ಟೇಜಿಗಿಂತ ಮುಂದೆ ಓಡುತ್ತದೆ. ಸಾಮಾನ್ಯ ಲೋಡ್ ಕರೆಂಟು ಜನರೇಟರ್, ಟ್ರಾನ್ಸ್‌ಫಾರ್ಮರ್‌ಗಳ ಇಂಡಕ್ಟೆನ್ಸ್ (ತಂತಿಯ ಸುರುಳಿ ಕರೆಂಟಿನ ಏರಿಳಿತಕ್ಕೆ ಒಡ್ಡುವ ತಡೆ) ದಾಟಿ ಬಂದರೆ ವೋಲ್ಟೇಜ್ ಇಳಿಯುತ್ತದೆ. ಮುಂದೋಡುವ ಈ ಕರೆಂಟು ದಾಟಿ ಬಂದರೆ ಏರುತ್ತದೆ. ಲಂಡನ್ನಿನ ಪ್ರೊಫೆಸರ್ ಜಾನ್ ಆಂಬ್ರೋಸ್ ಫ್ಲೆಮಿಂಗ್ ಡೆಪ್ಟ್‌ಫರ್ಡ್‌ನ ಈ ಸಂಗತಿಯನ್ನು ಕೂತು ಬಿಡಿಸಿದರು. ಅದೇ ಫ್ಲೆಮಿಂಗ್ 1904ರಲ್ಲಿ ಮೊದಲ ರೇಡಿಯೊ ವಾಲ್ವ್, ಅಂದರೆ ಟ್ರಾನ್ಸಿಸ್ಟರಿಗೂ ಮುಂಚಿನ ಗಾಜಿನ ಬುರುಡೆ, ಮಾಡಿದವರು.

ಇಂಡಕ್ಟೆನ್ಸ್, ಕೆಪಾಸಿಟೆನ್ಸ್ ಎರಡೂ ಸೇರಿ ವೋಲ್ಟೇಜನ್ನು ಎತ್ತುವುದು. ರೇಡಿಯೊದಲ್ಲಿ ನಾವು ಸ್ಟೇಷನ್ ಹಿಡಿಯುವಾಗ ಮಾಡುವುದೂ ಅದನ್ನೇ ಅಲ್ವಾ? ಗುಂಡಿ ತಿರುಗಿಸಿದಾಗ ಒಳಗೆ ಕೆಪಾಸಿಟರ್‌ನ ತಗಡುಗಳು ಸರಿದು, ಕಾಯಿಲ್ ಜೊತೆ ಹೊಂದಿಕೊಂಡು, ಬೇಕಾದ ಒಂದು ಸ್ಟೇಷನ್ನಿನ ವೋಲ್ಟೇಜ್ ಮಾತ್ರ ಮೇಲೇಳುತ್ತದೆ. ಡೆಪ್ಟ್‌ಫರ್ಡ್‌ನಲ್ಲಿ ಕಾಟ ಕೊಟ್ಟ ಜೋಡಿಯೇ ಇಲ್ಲಿ ಅನ್ನ ಕೊಡುತ್ತದೆ. ಫೆರಾಂಟಿ ಕಂಪನಿ ಎರಡನ್ನೂ ಕಂಡಿತು, ಮೊದಲು ಕಾಟ, ಆಮೇಲೆ ಅನ್ನ.

ನಮ್ಮ ಕಡೆಗೆ ಸ್ವಲ್ಪ ಹೊರಳುತ್ತೇನೆ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟು ಹೋಯಿತು. 92 ಮೈಲಿ, ಸುಮಾರು 148 ಕಿಲೋಮೀಟರ್, 35,000 ವೋಲ್ಟ್. ಡೆಪ್ಟ್‌ಫರ್ಡ್ ಶುರುವಾಗಿ ಹನ್ನೆರಡು ವರ್ಷವೂ ಪೂರ್ತಿ ಆಗಿರಲಿಲ್ಲ. ಮೈಸೂರು ಸಂಸ್ಥಾನ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಯಂತ್ರಗಳನ್ನು ತರಿಸಿತ್ತು. ಈ ಲೈನಿನಲ್ಲಿ ಫೆರಾಂಟಿ ಎಫೆಕ್ಟ್ ಎಷ್ಟಿದ್ದಿರಬಹುದು ಅಂತ ಸುಮ್ನೆ ಲೆಕ್ಕ ಹಾಕಿ ನೋಡಿದೆ. ಕಂಬದ ಮೇಲಿನ ತಂತಿ, ಸೆಕೆಂಡಿಗೆ 25 ಸೈಕಲ್‌ನ ಕರೆಂಟು. ಲೈನಿನ ಏರಿಕೆ ನೂರಕ್ಕೆ ಅರ್ಧವೂ ಬರುವುದಿಲ್ಲ. ಕೆಲವೇ ಮೈಲಿ ದೂರದ ಡೆಪ್ಟ್‌ಫರ್ಡ್‌ನಲ್ಲಿ ಕಂಡದ್ದು 92 ಮೈಲಿ ದೂರದ ಕೆಜಿಎಫ್ ಲೈನಿನಲ್ಲಿ ಲೆಕ್ಕಕ್ಕೇ ಇಲ್ಲ. ಕಾಗದ ಸುತ್ತಿದ ಆ ಕೊಳವೆಯ ಕೆಪಾಸಿಟೆನ್ಸ್ ಅಷ್ಟು ಜಾಸ್ತಿ. ಇವತ್ತಿನ 400 ಕೆವಿ ಲೈನ್ ಬೇರೆ ಮಾತು. 300 ಕಿಲೋಮೀಟರ್ ಉದ್ದದ ಲೈನನ್ನು ಲೋಡ್ ಇಲ್ಲದೆ ಬಿಟ್ಟರೆ ಆಚೆ ತುದಿಯಲ್ಲಿ ನೂರಕ್ಕೆ ಐದರಷ್ಟು ಏರುತ್ತದೆ, ಅಂದರೆ 420 ಕೆವಿ. ಮಳೆಗಾಲದ ರಾತ್ರಿ ರೈತರ ಪಂಪ್‌ಸೆಟ್ ಎಲ್ಲ ನಿಂತಿರುವಾಗ ಸಬ್‌ಸ್ಟೇಷನ್‌ಗಳಲ್ಲಿ ರಿಯಾಕ್ಟರ್ (ವೋಲ್ಟೇಜ್ ಏರದಂತೆ ಹಿಡಿಯುವ ದೊಡ್ಡ ಕಾಯಿಲ್) ಹಾಕುವುದು, ಕೆಲವೊಮ್ಮೆ ಲೈನನ್ನೇ ಆಫ್ ಮಾಡುವುದು ಇದಕ್ಕಾಗಿಯೇ.

ಡೆಪ್ಟ್‌ಫರ್ಡ್ ಕಥೆ ಚೆನ್ನಾಗಿ ಮುಗಿಯಲಿಲ್ಲ. ಸರ್ಕಾರ ಕಂಪನಿಗೆ ಕೊಟ್ಟ ಪ್ರದೇಶ ಕೇಳಿದ್ದಕ್ಕಿಂತ ತುಂಬಾ ಚಿಕ್ಕದು. ಅಷ್ಟು ದೊಡ್ಡ ಸ್ಟೇಷನ್ನಿಗೆ ತಕ್ಕ ಗಿರಾಕಿಗಳಿಲ್ಲ. 1890ರ ನವೆಂಬರಿನಲ್ಲಿ ಗ್ರೋವ್‌ನರ್ ಗ್ಯಾಲರಿಯ ಸಬ್‌ಸ್ಟೇಷನ್ ಸುಟ್ಟುಹೋಯಿತು. ಮೂರು ತಿಂಗಳು ಕರೆಂಟು ನಿಂತಿತು, ಗಿರಾಕಿಗಳು ಬೇರೆಯವರ ಹತ್ತಿರ ಹೋದರು. ಹತ್ತು ಸಾವಿರ ಹಾರ್ಸ್‌ಪವರ್‌ನ ದೈತ್ಯ ಯಂತ್ರಗಳನ್ನು ಅರ್ಧಕ್ಕೇ ಬಿಟ್ಟರು. 1891ರಲ್ಲಿ ಡೈರೆಕ್ಟರುಗಳು ಫೆರಾಂಟಿಯನ್ನು ಹೊರಗೆ ಕಳಿಸಿದರು. ಅವನಿಗೆ ಇಪ್ಪತ್ತೇಳು. ಊರಾಚೆ ದೊಡ್ಡ ಸ್ಟೇಷನ್, ಹೈವೋಲ್ಟೇಜ್ ಲೈನ್, ಊರೊಳಗೆ ಸಬ್‌ಸ್ಟೇಷನ್ ಅನ್ನುವ ಅವನ ಚಿತ್ರವೇ ಮುಂದೆ ಇಡೀ ಪ್ರಪಂಚದ್ದಾಯಿತು. ಅದರಿಂದ ದುಡ್ಡು ಮಾಡಿದವರು ಬೇರೆ.

ಅವನ ಸ್ವಂತ ಕಾರ್ಖಾನೆ ಮಾತ್ರ ನಡೆಯುತ್ತಲೇ ಇತ್ತು. 1896ರಲ್ಲಿ ಅದು ಲಂಡನ್ ಬಿಟ್ಟು ಉತ್ತರಕ್ಕೆ, ಓಲ್ಡಮ್ ಹತ್ತಿರದ ಹಾಲಿನ್‌ವುಡ್‌ಗೆ ಹೋಯಿತು. ಹತ್ತಿ ಗಿರಣಿಗಳ ಊರು, ಕೈಕೆಲಸ ಬಲ್ಲ ಜನ. ಅಲ್ಲೂ ಫೆರಾಂಟಿಗೆ ದೊಡ್ಡ ಸ್ಟೀಮ್ ಇಂಜಿನ್, ದೊಡ್ಡ ಆಲ್ಟರ್ನೇಟರ್‌ಗಳದ್ದೇ ಧ್ಯಾನ. ಪ್ರತಿ ಆರ್ಡರಿಗೂ ಹೊಸ ಡಿಸೈನ್, ಪ್ರತಿ ಡಿಸೈನಿಗೂ ಹೊಸ ನಷ್ಟ. 1903ರಲ್ಲಿ ಸಾಲ ಕೊಟ್ಟವರು ಕಂಪನಿಯನ್ನು ವಶಕ್ಕೆ ತೆಗೆದುಕೊಂಡರು. ಲೆಕ್ಕದ ಪುಸ್ತಕ ತೆರೆದಾಗ ಲಾಭ ಕಂಡದ್ದು ಮೀಟರಿನಲ್ಲಿ. ಮನೆ ಮನೆಯ ಗೋಡೆಗೆ ಹೊಡೆಯುವ ಕರೆಂಟು ಮೀಟರ್! ಫೆರಾಂಟಿ 1880ರ ದಶಕದಲ್ಲೇ ಪಾದರಸದ ಮೀಟರ್ ಒಂದನ್ನು ಮಾಡಿದ್ದ, ದೊಡ್ಡ ಕೆಲಸಗಳ ನಡುವೆ. ಹೊಸ ಆಡಳಿತ ದೊಡ್ಡ ಯಂತ್ರಗಳನ್ನು ನಿಲ್ಲಿಸಿ, ಮೀಟರ್ ಮತ್ತು ಟ್ರಾನ್ಸ್‌ಫಾರ್ಮರ್ ಇಟ್ಟುಕೊಂಡಿತು. ಕಂಪನಿಗೆ ಹೆಸರು ಕೊಟ್ಟವನಿಗೆ ಅದರ ಮೇಲೆ ಹಿಡಿತ ಉಳಿಯಲಿಲ್ಲ. ಎಷ್ಟೋ ವರ್ಷ ಅವನು ಅಲ್ಲಿ ಇಲ್ಲಿ ತನ್ನ ಪೇಟೆಂಟುಗಳ ಬೆನ್ನು ಹತ್ತಿ ಅಲೆದ.

ಈ ಕಂಪನಿಯ ನೂರು ವರ್ಷದಲ್ಲಿ ನನಗೆ ಮತ್ತೆ ಮತ್ತೆ ಕಾಣುವುದು ಇದೇ. ಹೆಸರು ಬಂದದ್ದು ದೊಡ್ಡದರಿಂದ, ಸಂಬಳ ಕೊಟ್ಟದ್ದು ಚಿಕ್ಕದು. ತಂತಿ ಸುತ್ತುವುದು, ಇನ್ಸುಲೇಷನ್ ಮಾಡುವುದು, ನಿಖರವಾಗಿ ಅಳೆಯುವುದು, ಈ ಮೂರು ಕೆಲಸ ಹಾಲಿನ್‌ವುಡ್‌ನ ಹೆಂಗಸರಿಗೂ ಗಂಡಸರಿಗೂ ಚೆನ್ನಾಗಿ ಬರುತ್ತಿತ್ತು. ಕಂಪನಿ ಅದರ ಮೇಲೆ ನಿಂತಾಗ ಬದುಕಿತು.

ಮೊದಲ ಮಹಾಯುದ್ಧದಲ್ಲಿ ತೋಪಿನ ಶೆಲ್ ಮಾಡಿದರು. ಹಿರಿಯ ಮಗ ಬೇಸಿಲ್ ಆ ಯುದ್ಧದಲ್ಲೇ ತೀರಿಕೊಂಡ. ಆಮೇಲೆ ಎರಡನೇ ಮಗ ವಿನ್ಸೆಂಟ್ ಕಾರ್ಖಾನೆಗೆ ಬಂದ. 1920ರ ದಶಕದ ರೇಡಿಯೊ ಹುಚ್ಚು ಶುರುವಾದದ್ದು ಆಗಲೇ. ಜನ ಮನೆಯಲ್ಲೇ ರೇಡಿಯೊ ಕಟ್ಟುತ್ತಿದ್ದರು. ಆ ಕಾಲದ ವಾಲ್ವ್ ಸೆಟ್‌ಗಳಲ್ಲಿ ಒಂದು ವಾಲ್ವ್‌ನಿಂದ ಇನ್ನೊಂದಕ್ಕೆ ಧ್ವನಿ ದಾಟಿಸಲು ಪುಟ್ಟ ಟ್ರಾನ್ಸ್‌ಫಾರ್ಮರ್ ಬೇಕು. ಮಾರುಕಟ್ಟೆಯಲ್ಲಿದ್ದ ಬಹಳಷ್ಟು ಟ್ರಾನ್ಸ್‌ಫಾರ್ಮರ್‌ಗಳು ಮಂದ್ರ ಸ್ವರವನ್ನು ನುಂಗುತ್ತಿದ್ದವು, ನಡುವಿನ ಸ್ವರವನ್ನು ಕಿರುಚಿಸುತ್ತಿದ್ದವು. ಮಂದ್ರ ಬರಬೇಕಾದರೆ ಸುತ್ತು ಜಾಸ್ತಿ ಬೇಕು. ಸುತ್ತು ಜಾಸ್ತಿಯಾದರೆ ಸುತ್ತುಗಳ ನಡುವಿನ ಕೆಪಾಸಿಟೆನ್ಸ್ ಏರಿ ತಾರ ಸ್ವರ ಕೆಡುತ್ತದೆ. ಮತ್ತೆ ಅದೇ ಜಗಳ! ಈ ಜಗಳದಲ್ಲಿ ಅವರಿಗೆ ಮೂವತ್ತೈದು ವರ್ಷದ ಅನುಭವವಿತ್ತು. ಅವರ ಎಎಫ್3 ಎಂಬ ಟ್ರಾನ್ಸ್‌ಫಾರ್ಮರ್ ರೇಡಿಯೊ ಕಟ್ಟುವವರ ನಡುವೆ ಹೆಸರು ಮಾಡಿತು. ಭಾರ ಹೆಚ್ಚು, ಬೆಲೆ ಹೆಚ್ಚು, ಸದ್ದು ಶುದ್ಧ. ಮನೆಯವರು ಸಂಗೀತದವರಾಗಿದ್ದಕ್ಕೆ ಹೀಗೆ ಅಂತ ಬರೆಯುವ ಆಸೆ ನನಗೂ ಆಗುತ್ತದೆ. ಆದರೆ ಇದು ಕಬ್ಬಿಣ, ತಾಮ್ರದ ಲೆಕ್ಕ.

ಅಲ್ಲಿಂದ ಲೌಡ್‌ಸ್ಪೀಕರ್, ಪೂರ್ತಿ ಸೆಟ್‌ಗಳು, ಸ್ವಂತ ವಾಲ್ವ್‌ಗಳು. ಅದೇ ಹೊತ್ತಿಗೆ ಇನ್ನೊಂದು ಕಡೆ ಬ್ರಿಟನ್ನಿನ 132 ಕೆವಿ ಗ್ರಿಡ್ಡಿಗೆ ದೊಡ್ಡ ಟ್ರಾನ್ಸ್‌ಫಾರ್ಮರ್‌ಗಳು. ಸೆಬಾಸ್ಟಿಯನ್ 1930ರ ಜನವರಿಯಲ್ಲಿ ಜೂರಿಕ್‌ನಲ್ಲಿ ತೀರಿಕೊಂಡ. ಅವನ ಡೆಪ್ಟ್‌ಫರ್ಡ್ ಕನಸು ದೇಶದ ಗ್ರಿಡ್ ಆಗುತ್ತಿದ್ದ ಸಮಯ ಅದು. ವಿನ್ಸೆಂಟ್ 1935ರಲ್ಲಿ ಮ್ಯಾಂಚೆಸ್ಟರಿನ ಮೋಸ್ಟನ್‌ನಲ್ಲಿ ರೇಡಿಯೊ, ಟೆಲಿವಿಷನ್, ಎಲೆಕ್ಟ್ರಿಕ್ ಗಡಿಯಾರಗಳಿಗೆ ಅಂತಲೇ ಬೇರೆ ಕಾರ್ಖಾನೆ ತೆರೆದರು. ಆ ಗಡಿಯಾರಗಳು ಕರೆಂಟಿನ ಸೈಕಲ್ ಎಣಿಸಿಯೇ ಸಮಯ ತೋರಿಸುತ್ತಿದ್ದವು. ಅಪ್ಪ ಕನಸಿದ ಗ್ರಿಡ್, ಮಗ ಮಾರಿದ ಗಡಿಯಾರ.

ರೇಡಿಯೊದಲ್ಲಿ ಫೆರಾಂಟಿ ದೊಡ್ಡ ಹೆಸರಾಗಲಿಲ್ಲ. 1930ರ ದಶಕದಲ್ಲಿ ರೇಡಿಯೊ ಅನ್ನುವುದು ಪೀಠೋಪಕರಣ ಆಗಿಬಿಟ್ಟಿತ್ತು. ಎಕೋ ಕಂಪನಿ ವಾಸ್ತುಶಿಲ್ಪಿ ವೆಲ್ಸ್ ಕೋಟ್ಸ್ ಅವರಿಂದ ದುಂಡನೆಯ ಬೇಕಲೈಟ್ ಪೆಟ್ಟಿಗೆ ಮಾಡಿಸಿತು. ಜನ ಕೊಂಡದ್ದು ಅಂಥದ್ದನ್ನು. ಒಳಗಿನ ಟ್ರಾನ್ಸ್‌ಫಾರ್ಮರ್ ಎಷ್ಟು ಚೆನ್ನಾಗಿದೆ ಅಂತ ಹಿಂದಿನ ಮುಚ್ಚಳ ಬಿಚ್ಚಿ ನೋಡುವ ಗಿರಾಕಿಗಳು ಆಗಲೇ ಕಡಿಮೆಯಾಗಿದ್ದರು. ಕೊನೆಗೆ 1957ರಲ್ಲಿ ಫೆರಾಂಟಿ ತನ್ನ ರೇಡಿಯೊ, ಟಿವಿ ವ್ಯಾಪಾರವನ್ನು ಅದೇ ಎಕೋಗೆ ಮಾರಿತು.

ಆದರೆ ಮೋಸ್ಟನ್ ದಂಡವಾಗಲಿಲ್ಲ. ಎರಡನೇ ಮಹಾಯುದ್ಧ ಬಂದಾಗ ರೇಡಿಯೊ ಕಟ್ಟಿದ ಕೈಗಳು ರೇಡಾರ್ ಕೆಲಸಕ್ಕೆ ಇಳಿದವು. ಯುದ್ಧ ಮುಗಿದ ಮೇಲೆ ಆ ಕೈಗಳಿಗೆ ವಿಚಿತ್ರವಾದ ಆರ್ಡರ್ ಬಂತು. 1948ರಲ್ಲಿ ಸರ್ಕಾರ ಒಂದು ಪತ್ರ ಬರೆಯಿತು: ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದ ಪ್ರೊಫೆಸರ್ ವಿಲಿಯಮ್ಸ್ ಹೇಳಿದ ಹಾಗೆ ಎಲೆಕ್ಟ್ರಾನಿಕ್ ಲೆಕ್ಕದ ಯಂತ್ರ ಮಾಡಿಕೊಡಿ ಅಂತ. ಸ್ಪೆಸಿಫಿಕೇಷನ್ ಅಷ್ಟೇ! ಇವತ್ತಿನ ಟೆಂಡರ್ ಡಾಕ್ಯುಮೆಂಟ್ ಓದುವವರಿಗೆ ಹೊಟ್ಟೆ ಉರಿಯಬೇಕು. 1951ರ ಫೆಬ್ರವರಿಯಲ್ಲಿ ಫೆರಾಂಟಿ ಮಾರ್ಕ್ 1 ವಿಶ್ವವಿದ್ಯಾಲಯಕ್ಕೆ ಹೋಯಿತು. ಕಾರ್ಖಾನೆಯಲ್ಲಿ ತಯಾರಾಗಿ ಮಾರಾಟವಾದ ಮೊದಲ ಸಾಮಾನ್ಯ ಬಳಕೆಯ ಕಂಪ್ಯೂಟರ್‌ಗಳಲ್ಲಿ ಅದು ಒಂದು. ಸುಮಾರು 4,000 ವಾಲ್ವ್. ಅಲನ್ ಟ್ಯೂರಿಂಗ್ ಅದರ ಪ್ರೋಗ್ರಾಮಿಂಗ್ ಕೈಪಿಡಿ ಬರೆದರು. ಅದರ ಸ್ಪೀಕರಿನಿಂದ ಹೊರಟ ರಾಗಗಳನ್ನು ಬಿಬಿಸಿ ಅದೇ ವರ್ಷ ರೆಕಾರ್ಡ್ ಮಾಡಿಕೊಂಡಿತು. ಮಂದ್ರ ತಾರ ಅಂತ ಒದ್ದಾಡಿದ ಕಂಪನಿಯ ಯಂತ್ರ ಗೊಗ್ಗರು ದನಿಯಲ್ಲಿ ಹಾಡಿತು.

ಅಲ್ಲಿ ಪ್ರೋಗ್ರಾಂ ಬರೆಯುತ್ತಿದ್ದ ಮೇರಿ ಲೀ ವುಡ್ಸ್ ಎಂಬ ಗಣಿತಜ್ಞೆ, ಗಂಡಸರಷ್ಟೇ ಸಂಬಳ ನಮಗೂ ಬೇಕು ಅಂತ ಕಂಪನಿಯಲ್ಲಿ ವಾದ ಹೂಡಿ ಗೆದ್ದರು. ಅಲ್ಲೇ ಕೆಲಸಕ್ಕಿದ್ದ ಕಾನ್‌ವೇ ಬರ್ನರ್ಸ್-ಲೀ ಅವರನ್ನು ಮದುವೆಯಾದರು. ವರ್ಲ್ಡ್ ವೈಡ್ ವೆಬ್ ಮಾಡಿದ ಟಿಮ್ ಬರ್ನರ್ಸ್-ಲೀ ಇವರ ಮಗ.

ಕಂಪ್ಯೂಟರಿನಲ್ಲೂ ಹಳೇ ಕಥೆಯೇ. ಆಲೋಚನೆ ಮುಂದೆ, ದುಡ್ಡು ಹಿಂದೆ. 1963ರಲ್ಲಿ ಆ ವ್ಯಾಪಾರವನ್ನೂ ಮಾರಿದರು, ಮಿಲಿಟರಿಯದ್ದನ್ನು ಬಿಟ್ಟು. 1970ರ ದಶಕದ ನಡುವೆ ನಷ್ಟ ತಂದದ್ದು ಯಾವುದು ಗೊತ್ತೇ? ದೊಡ್ಡ ಟ್ರಾನ್ಸ್‌ಫಾರ್ಮರ್ ವಿಭಾಗ. 1975ರಲ್ಲಿ ಸರ್ಕಾರವೇ ದುಡ್ಡು ಹಾಕಿ ಕಂಪನಿಯನ್ನು ಉಳಿಸಿತು. ಟ್ರಾನ್ಸ್‌ಫಾರ್ಮರ್ ಕಾರ್ಖಾನೆ ಮುಚ್ಚಿತು. ಅದನ್ನು ಮುಚ್ಚಿದವರನ್ನು ಬೈಯಲು ನನಗೆ ಮನಸ್ಸಿಲ್ಲ. ಲೆಕ್ಕ ಹಾಗಿತ್ತು. ಚಿಕ್ಕದು ಮತ್ತೆ ಕೈ ಹಿಡಿಯಿತು: 1981ರ ಅಗ್ಗದ ಹೋಮ್ ಕಂಪ್ಯೂಟರ್ ಸಿಂಕ್ಲೇರ್ ಝಡ್‌ಎಕ್ಸ್81ರ ಒಳಗಿನ ಒಂದು ಮುಖ್ಯ ಚಿಪ್ ಫೆರಾಂಟಿಯದು.

1987ರಲ್ಲಿ ಮಾಡಿದ ಕೆಲಸ ಮಾತ್ರ ಅರ್ಥವಾಗುವುದಿಲ್ಲ. ಅಮೆರಿಕದ ಪೆನ್ಸಿಲ್ವೇನಿಯಾದ ಇಂಟರ್‌ನ್ಯಾಷನಲ್ ಸಿಗ್ನಲ್ ಅಂಡ್ ಕಂಟ್ರೋಲ್ ಎಂಬ ರಕ್ಷಣಾ ಕಂಪನಿಯನ್ನು ಕೊಂಡರು. ಅದರ ಆರ್ಡರ್ ಪುಸ್ತಕ ನೋಡಿ ಮನಸೋತರು. 1989ರಲ್ಲಿ ತಿಳಿಯಿತು, ಆ ಆರ್ಡರುಗಳಲ್ಲಿ ಬಹಳಷ್ಟು ಸುಳ್ಳು. ಪಾಕಿಸ್ತಾನಕ್ಕೆ ಕ್ಷಿಪಣಿ ಕೊಡುವ ದೊಡ್ಡ ಗುತ್ತಿಗೆ ಬರೀ ಕಾಗದದ ಮೇಲಿತ್ತು. ಅದರ ಯಜಮಾನ ಜೇಮ್ಸ್ ಗೆರಿನ್‌ಗೆ ಹದಿನೈದು ವರ್ಷ ಜೈಲಾಯಿತು. ಒಂದು ಯೂನಿಟ್ ಹೆಚ್ಚುಕಡಿಮೆ ಆಗದ ಹಾಗೆ ಅಳೆಯುವ ಮೀಟರ್ ಮಾಡಿ ಬದುಕಿದ ಕಂಪನಿ ಅದು. ಆ ಆರ್ಡರುಗಳ ಹಿಂದೆ ಒಂದಾದರೂ ಯಂತ್ರ ಇದೆಯಾ ಅಂತ ಅವರಲ್ಲಿ ಯಾರೂ ಹೋಗಿ ಎಣಿಸಲಿಲ್ಲವೇ? ಕಂಪನಿಯನ್ನು ಮುಳುಗಿಸಿದ್ದು ಪೈಪೋಟಿ ಅಂದಿದ್ದರೆ ಒಪ್ಪಬಹುದಿತ್ತು.

1990ರಲ್ಲಿ ಸಾಲ ತೀರಿಸಲು ಎಡಿನ್‌ಬರೋದ ರೇಡಾರ್ ವಿಭಾಗವನ್ನು ಜಿಇಸಿ ಎಂಬ ಬ್ರಿಟಿಷ್ ಕಂಪನಿಗೆ ಮಾರಬೇಕಾಯಿತು. ಉಳಿದ ಕಂಪನಿ 1993ರ ಡಿಸೆಂಬರಿನಲ್ಲಿ ಮುಳುಗಿತು. ಆ ಎಡಿನ್‌ಬರೋ ಕಾರ್ಖಾನೆ, ಕ್ರೂ ಟೋಲ್, 1943ರಲ್ಲಿ ವಿಮಾನದ ಗನ್‌ಸೈಟ್ (ಗುರಿ ಹಿಡಿಯುವ ಸಾಧನ) ಮಾಡಲು ಕಟ್ಟಿದ್ದು. ಈಗಲೂ ನಡೆಯುತ್ತಿದೆ, ಯುದ್ಧವಿಮಾನದ ರೇಡಾರ್ ಅಲ್ಲೇ ಆಗುತ್ತದೆ. ಮಾಲೀಕರು ಕೆಲವು ಸಲ ಬದಲಾಗಿ, ಸದ್ಯಕ್ಕೆ ಲಿಯೊನಾರ್ಡೊ. ಅದು ಇಟಲಿಯ ಕಂಪನಿ.